ನೀರಾದ ಲೋಳೆಗೆ ಮದ್ದು ಹುಡುಕುವ ಮೊದಲು



ಉಪ್ಪಿನಕಾಯಿ ಭರಣಿಯ ಬಾಯಿಬಟ್ಟೆ ಬಿಚ್ಚಿದ ಕೂಡಲೇ ಅದರ ಹಣೆಬರಹ ನಮಗೆ ಗೊತ್ತಾಗಿಬಿಡುತ್ತದೆ. ಮೇಲೆ ಬಿಳಿ ಪೊರೆ ಬಂದಿದೆಯೇ, ಮಿಡಿ ಮೆತ್ತಗಾಗಿದೆಯೇ, ರಸ ಲೋಳೆಯಾಗಿದೆಯೇ ಎಂದು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಇಷ್ಟು ಜಾಣೆಯರಾದ ನಾವು ಮುಖಕ್ಕೆ ಹಚ್ಚುವ ಕುಪ್ಪಿಯ ವಿಷಯಕ್ಕೆ ಬಂದಾಗ ಮಾತ್ರ ಯಾಕೆ ದಡ್ಡಿಯರಾಗುತ್ತೇವೆ? ನಾನೂ ಆಗಿದ್ದೆ. ಆ ಕಥೆಯನ್ನು ಕೊನೆಗೆ ಹೇಳುತ್ತೇನೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಈಗ ಮನೆ ಮನೆಯಲ್ಲೂ ಸೀರಮ್ಮಿನ ಮಾತು. ಕಾಲೇಜಿಗೆ ಹೋಗುವ ಮಕ್ಕಳು ಮೊಬೈಲಿನಲ್ಲಿ ನೋಡಿ ಬಂದು, ಹಿತ್ತಲಿನ ಲೋಳೆಸರ ಕಿತ್ತು, ಮಿಕ್ಸಿಗೆ ಹಾಕಿ, ಕುಪ್ಪಿಗೆ ತುಂಬಿಸಿ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಇಡುತ್ತಾರೆ. ಸೀರಮ್ ಎಂದರೆ ದೊಡ್ಡ ವಿದ್ಯೆ ಏನಲ್ಲ. ಕ್ರೀಮಿಗಿಂತ ತೆಳುವಾದ, ನಾಲ್ಕು ತೊಟ್ಟು ಹಚ್ಚಿದರೆ ಚರ್ಮದ ಮೇಲೆ ಹರಡಿ ಇಂಗುವಂಥ ದ್ರವ, ಅಷ್ಟೆ. ದಾಸವಾಳ ಸೊಪ್ಪಿನ ಗೊಂಪು ಮಾಡಿ ತಲೆಗೆ ಹಾಕಿಕೊಂಡು ಬೆಳೆದವರು ನಾವು. ಲೋಳೆಯ ಗುಣ ನಮಗೆ ಹೊಸತಲ್ಲ. ಆದರೆ ಗೊಂಪನ್ನು ನಮ್ಮ ಅಮ್ಮಂದಿರು ಆಗಲೇ ಕಿವುಚಿ ಆಗಲೇ ಹಾಕುತ್ತಿದ್ದರು, ಉಳಿದದ್ದನ್ನು ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದರು. ಕುಪ್ಪಿಯಲ್ಲಿ ಇಟ್ಟು ಹದಿನೈದು ದಿನ ಹಚ್ಚುವ ಆಸೆ ನಮ್ಮ ಕಾಲದ್ದು. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಮೊದಲು ಮಾಡುವ ಕ್ರಮ ಹೇಳಿಬಿಡುತ್ತೇನೆ.

ಬಲಿತ ಲೋಳೆಸರದ ಎಲೆ ಕೊಯ್ದು, ಕೊಯ್ದ ತುದಿ ಕೆಳಗೆ ಬರುವ ಹಾಗೆ ಒಂದು ಲೋಟದಲ್ಲಿ ಹದಿನೈದು ನಿಮಿಷ ನಿಲ್ಲಿಸಿ. ಹಳದಿ ರಸ ಇಳಿಯುತ್ತದೆ. ಅದು ಚರ್ಮಕ್ಕೆ ತುರಿಕೆ, ಉರಿ ತರುವ ವಸ್ತು. ಅದನ್ನು ಚೆಲ್ಲಿ, ಎಲೆ ತೊಳೆದು, ಎರಡೂ ಬದಿಯ ಸಿಪ್ಪೆ ದಪ್ಪವಾಗಿಯೇ ತೆಗೆಯಿರಿ. ಒಳಗಿನ ಗಾಜಿನಂಥ ತಿರುಳನ್ನು ಮತ್ತೊಮ್ಮೆ ತೊಳೆದು, ಮಿಕ್ಸಿಯಲ್ಲಿ ಎರಡೇ ಸುತ್ತು ತಿರುಗಿಸಿ, ಕುದಿಸಿ ಒಣಗಿಸಿದ ತೆಳು ಪಾಣಿಪಂಚೆ ತುಂಡಿನಲ್ಲಿ ಸೋಸಿ. ಹತ್ತು ಟೀ ಚಮಚ ರಸಕ್ಕೆ, ಎಂದರೆ ಸುಮಾರು 50 ಮಿಲಿಲೀಟರಿಗೆ, ಅರ್ಧ ಟೀ ಚಮಚ ಗ್ಲಿಸರಿನ್ ಸಾಕು. ದಪ್ಪ ಬೇಕೆನಿಸಿದರೆ ಕೇಕಿನ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಕ್ಸಾಂಥಾನ್ ಗಮ್ ಪುಡಿ ಒಂದು ಚಿಟಿಕೆ. ಗಾಜಿನ ಕುಪ್ಪಿಯನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಬೋರಲು ಹಾಕಿ, ಪೂರ್ತಿ ಒಣಗಿಸಿ ತುಂಬಿಸಿ. ಫ್ರಿಜ್ಜಿನಲ್ಲಿ ಮೂರು ದಿನ. ಹೆಚ್ಚು ಇಲ್ಲ.

ಇನ್ನು ಒಂದೊಂದೇ ತೊಂದರೆ ನೋಡೋಣ. ಪುತ್ತೂರು, ಸುಳ್ಯ, ಕಡಬದ ಕಡೆಯ ಸೋದರಿಯರು ನನ್ನನ್ನು ಮದುವೆ ಮನೆಯಲ್ಲಿ, ಸೋಮವಾರದ ಸಂತೆಯಲ್ಲಿ ತಡೆದು ನಿಲ್ಲಿಸಿ ಕೇಳಿದವೇ ಇವೆಲ್ಲ.

ಗಂಟು ಗಂಟಾಯಿತು. ಗಮ್ ಪುಡಿಯನ್ನು ನೇರ ರಸಕ್ಕೆ ಉದುರಿಸಿದ್ದೀರಿ. ಸಾರಿಗೆ ಅಕ್ಕಿಹಿಟ್ಟನ್ನು ಒಣದಾಗಿ ಹಾಕುತ್ತೇವೆಯೇ? ತಣ್ಣೀರಲ್ಲಿ ಕದಡಿ ತಾನೇ ಹಾಕುವುದು? ಈ ಪುಡಿ ಅದಕ್ಕಿಂತ ಹಟಮಾರಿ. ನೀರು ತಾಗಿದ ಕೂಡಲೇ ಹೊರಗಿನ ಪದರ ಲೋಳೆಯಾಗಿ, ಒಳಗೆ ಒಣ ಹಿಟ್ಟು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮೊದಲು ಪುಡಿಯನ್ನು ಆ ಅರ್ಧ ಚಮಚ ಗ್ಲಿಸರಿನ್ನಿನಲ್ಲಿ ಚೆನ್ನಾಗಿ ಕಲಸಿ. ಗ್ಲಿಸರಿನ್ನಿನಲ್ಲಿ ಅದು ಉಬ್ಬುವುದಿಲ್ಲ, ಬಿಡಿ ಬಿಡಿಯಾಗಿ ಹರಡುತ್ತದೆ. ಆಮೇಲೆ ರಸವನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತ ಕದಡಿ. ಈಗಾಗಲೇ ಗಂಟಾಗಿದ್ದರೆ ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಹಿಂಡಿ ಸೋಸಿ, ಸರಿಯಾಗುತ್ತದೆ.

ಮುಖಕ್ಕೆ ಹಚ್ಚಿದರೆ ಅಂಟು ಅಂಟು. ಗ್ಲಿಸರಿನ್ ಹೆಚ್ಚಾಗಿದೆ. ಇದು ಗಾಳಿಯ ತೇವ ಎಳೆದುಕೊಳ್ಳುವ ವಸ್ತು. ಬಯಲುಸೀಮೆಯ ಒಣಹವೆಗೆ ಅಳತೆ ಹೇಳಿದವರ ಮಾತು ಕೇಳಿ, ನಮ್ಮ ಆಟಿ ತಿಂಗಳ ಮಳೆಯಲ್ಲಿ ಎರಡು ಚಮಚ ಸುರಿದರೆ ಮುಖವಿಡೀ ಹಲಸಿನ ಮೇಣ ತಾಗಿದ ಹಾಗಾಗುತ್ತದೆ. ಹತ್ತು ಚಮಚಕ್ಕೆ ಅರ್ಧ, ಮಳೆಗಾಲದಲ್ಲಿ ಕಾಲು ಸಾಕು. ಜೇನು ಹಾಕಿದರೂ ಹೀಗೆಯೇ.

ಜೇನಿನ ಮಾತು ಬಂತು. ಜೇನು ಸಾಕುವ ಮನೆಗಳು ನಮ್ಮಲ್ಲಿ ಬೇಕಾದಷ್ಟು ಇವೆ, ಪುತ್ತೂರಿನಲ್ಲಿ ಜೇನು ಕೃಷಿಕರ ಸಹಕಾರ ಸಂಘವೇ ಉಂಟು. "ಜೇನು ಎಷ್ಟು ವರ್ಷವಾದರೂ ಕೆಡುವುದಿಲ್ಲವಲ್ಲ, ಹಾಗಾದರೆ ಜೇನು ಹಾಕಿದ ಲೋಳೆಯೂ ಕೆಡಬಾರದಲ್ಲ?" ಅಂತ ಒಬ್ಬರು ಕೇಳಿದರು. ಜೇನು ಕೆಡದಿರುವುದು ಅದರಲ್ಲಿ ನೀರಿನಂಶ ತೀರಾ ಕಡಿಮೆ ಇರುವುದರಿಂದ. ಲೋಳೆಯ ನೀರು ಸೇರಿತೋ, ಆ ಕೋಟೆ ಬಿತ್ತು. ಮತ್ತೆ ಅದು ಹುಳಿ ಬಂದು ನೊರೆ ಎಬ್ಬಿಸುತ್ತದೆ.

ಹಚ್ಚಿ ಉಜ್ಜಿದರೆ ಚೂರು ಚೂರಾಗಿ ಉರುಳುತ್ತದೆ. ಸ್ಲೇಟು ಬಿಟ್ಟು ಪುಸ್ತಕಕ್ಕೆ ಬಂದ ಮಕ್ಕಳು ಪೆನ್ಸಿಲ್ ಗೆರೆ ಅಳಿಸುವಾಗ ರಬ್ಬರಿನ ಚೂರು ಉದುರುತ್ತದಲ್ಲ, ಹಾಗೆ. ರಬ್ಬರು ತೋಟಗಳ ಸುಳ್ಯದವರು ಕೇಳಿದ್ದಕ್ಕೆ ಈ ಹೋಲಿಕೆ ಅಲ್ಲ, ನಿಜವಾಗಿ ಹಾಗೆಯೇ ಕಾಣುತ್ತದೆ! ಗಮ್ ಹೆಚ್ಚಾಗಿದೆ, ಇಲ್ಲವೇ ಒಂದು ಒಣಗುವ ಮೊದಲು ಅದರ ಮೇಲೆ ಇನ್ನೊಂದು ಹಚ್ಚಿದ್ದೀರಿ. ಒದ್ದೆ ಮುಖಕ್ಕೆ ನಾಲ್ಕು ತೊಟ್ಟು ಹಚ್ಚಿ, ಐದು ನಿಮಿಷ ಸುಮ್ಮನಿರಿ.

ಎಣ್ಣೆ ಮೇಲೆ, ನೀರು ಕೆಳಗೆ. ಲೋಳೆಸರಕ್ಕೆ ತೆಂಗಿನೆಣ್ಣೆ ಹಾಕಿ ಮಿಕ್ಸಿಯಲ್ಲಿ ಹಾಲಿನ ಹಾಗೆ ಬೆಳ್ಳಗೆ ಮಾಡಿದ್ದೀರಿ. ಬೆಳಿಗ್ಗೆ ನೋಡಿದರೆ ಎರಡು ಪಾಲು. ಇದರಲ್ಲಿ ನಿಮ್ಮ ಕೈಯ ತಪ್ಪಿಲ್ಲ. ಎಣ್ಣೆಯನ್ನೂ ನೀರನ್ನೂ ಹಿಡಿದು ಕೂರಿಸುವ ಮಧ್ಯಸ್ಥ ಒಬ್ಬ ಬೇಕು. ಹಾಲಿನಲ್ಲಿ, ತೆಂಗಿನ ಹಾಲಿನಲ್ಲಿ ಪ್ರೋಟೀನು ಆ ಕೆಲಸ ಮಾಡುತ್ತದೆ. ತೆಂಗಿನ ಹಾಲು ಹಾಕಿದ ಪಾಯಸ ಜೋರಾಗಿ ಕುದಿಸಿದರೆ ಒಡೆಯುವುದು ಆ ಮಧ್ಯಸ್ಥನೇ ಕಾವಿಗೆ ಸೋತು ಬಿಡುವುದರಿಂದ. ಜೇನುಮೇಣ ಹಾಕಿದರೆ ಆದೀತು ಎಂದು ಕೆಲವರು ನಂಬಿದ್ದಾರೆ. ಮೇಣ ಎಣ್ಣೆಯನ್ನು ಗಟ್ಟಿ ಮಾಡುತ್ತದೆಯೇ ಹೊರತು ನೀರನ್ನು ಹಿಡಿದಿಡುವುದಿಲ್ಲ. ಸುಲಭದ ದಾರಿ ಎಂದರೆ ಎರಡನ್ನೂ ಬೇರೆ ಬೇರೆ ಕುಪ್ಪಿಯಲ್ಲಿ ಇಡುವುದು. ಮೊದಲು ಲೋಳೆ, ಅದು ಇಂಗಿದ ಮೇಲೆ ಅಂಗೈಯಲ್ಲಿ ಎರಡು ಹನಿ ಎಣ್ಣೆ ಉಜ್ಜಿ ಒತ್ತುವುದು. ಮುಖದಲ್ಲಿ ಮೊಡವೆ ಇರುವವರು ತೆಂಗಿನೆಣ್ಣೆ ಬಿಟ್ಟುಬಿಡಿ.

ಧನುರ್ಮಾಸದಲ್ಲಿ ಎಣ್ಣೆ ಕುಪ್ಪಿಯೇ ಹೆಪ್ಪುಗಟ್ಟಿತು. ಹಾಳಾದದ್ದಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಕಡಬ, ಸುಬ್ರಹ್ಮಣ್ಯದ ಕಡೆ ಘಟ್ಟದ ಬುಡದಲ್ಲಿ ಚಂಪಾಷಷ್ಠಿ ಹೊತ್ತಿನ ಬೆಳಗಿನ ಚಳಿಗೆ ಅಷ್ಟು ಸಾಕು. ಬಿಸಿನೀರಿನ ಲೋಟದಲ್ಲಿ ಕುಪ್ಪಿ ಇಡಿ, ಕರಗುತ್ತದೆ. ಒಲೆಯ ಮೇಲೆ ಇಡಬೇಡಿ.

ಅಗಸೆಬೀಜದ ಲೋಳೆ ಸೋಸಲಿಕ್ಕೇ ಬರುವುದಿಲ್ಲ. ತಣಿದ ಮೇಲೆ ಸೋಸಲು ಹೋದಿರಿ. ಒಂದು ದೊಡ್ಡ ಚಮಚ ಬೀಜಕ್ಕೆ ಒಂದು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಕದಡುತ್ತಾ ಐದಾರು ನಿಮಿಷ ಕುದಿಸಿ, ಮೊಟ್ಟೆಯ ಬಿಳಿಯಂತೆ ಎಳೆ ಕಾಣಿಸಿದ ಕೂಡಲೇ ಇಳಿಸಿ, ಬಿಸಿಯಿರುವಾಗಲೇ ಜರಡಿಗೆ ಸುರಿಯಬೇಕು. ತಣಿದರೆ ಬೀಜದ ಜೊತೆ ಹಟ ಹಿಡಿದು ಕೂರುತ್ತದೆ.

ಪುನರ್ಪುಳಿ ಎಣ್ಣೆಯ ಮುಲಾಮು ಮರಳು ಮರಳು. ಇದು ಸೀರಮ್ ಅಲ್ಲ, ಆದರೂ ಎಲ್ಲರೂ ಕೇಳುತ್ತಾರೆ. ಅಡಿಕೆ ಸುಲಿದು ಕೈ ಒಡೆದವರು, ಹಿಮ್ಮಡಿ ಬಿರಿದವರು ಇದನ್ನು ಬಿಟ್ಟಾರೆಯೇ? ಪುನರ್ಪುಳಿ ಬೀಜದ ಎಣ್ಣೆ ಗಟ್ಟಿ ಉಂಡೆಯಾಗಿರುತ್ತದೆ, 38-40 ಡಿಗ್ರಿಯ ಸುಮಾರಿಗೆ ಕರಗುತ್ತದೆ. ಇಂಥ ಎಣ್ಣೆಗಳನ್ನು ಕರಗಿಸಿ ಮೂಲೆಯಲ್ಲಿಟ್ಟು ಮರೆತರೆ, ನಿಧಾನವಾಗಿ ತಣಿಯುತ್ತ ದಪ್ಪ ದಪ್ಪ ಹರಳು ಕಟ್ಟುತ್ತವೆ. ಹಸುವಿನ ತುಪ್ಪ ಮರಳು ಮರಳಾಗಬೇಕೆಂದು ನಾವು ಅಲುಗಿಸದೆ ಇಡುವುದಿಲ್ಲವೇ? ಇಲ್ಲಿ ಅದರ ತಿರುಗುಮುರುಗು ಬೇಕು. ಪುತ್ತೂರಿನಲ್ಲಿ 1986ರಲ್ಲಿ ಶುರುವಾದ ಕ್ಯಾಂಪ್ಕೋ ಚಾಕಲೇಟ್ ಕಾರ್ಖಾನೆಯ ಹೆಸರು ಎಲ್ಲರಿಗೂ ಗೊತ್ತು. ಚಾಕಲೇಟು ನುಣ್ಣಗೆ ಬರುವುದೂ ಕೋಕೋ ಬೆಣ್ಣೆಯನ್ನು ಲೆಕ್ಕಾಚಾರದಲ್ಲಿ ಕದಡುತ್ತ ತಣಿಸುವುದರಿಂದಲೇ.

ಎರಡು ಚಮಚ ಪುನರ್ಪುಳಿ ಎಣ್ಣೆ, ನಾಲ್ಕು ಚಮಚ ತೆಂಗಿನೆಣ್ಣೆ, ಅರ್ಧ ಚಮಚ ಜೇನುಮೇಣದ ತುರಿ ಒಂದೇ ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ಕುದಿಯುವ ನೀರಿನಲ್ಲಿಟ್ಟು ಒಂದು ಕಣವೂ ಉಳಿಯದಂತೆ ಕರಗಿಸಿ. ಮೇಣ ಕರಗಲು 62-64 ಡಿಗ್ರಿ ಕಾವು ಬೇಕು. ಕರಗಿದ ಮೇಣಕ್ಕೆ ತಣ್ಣನೆ ಎಣ್ಣೆ ಸುರಿದರೆ ಬಿಳಿ ಚುಕ್ಕೆ ಏಳುತ್ತದೆ. ಆಮೇಲೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು, ದಪ್ಪವಾಗುವವರೆಗೆ ಕೈಬಿಡದೆ ಕದಡಿ ಭರಣಿಗೆ ತುಂಬಿಸಿ. ಮರಳಾದದ್ದನ್ನೂ ಹೀಗೆ ಪುನಃ ಕರಗಿಸಿ ಸರಿಮಾಡಬಹುದು. ಇದರಲ್ಲಿ ನೀರಿಲ್ಲ. ಆದ್ದರಿಂದ ಒಣ ಬೆರಳು ಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ಎಣ್ಣೆ ಕಮಟು ವಾಸನೆ ಬಂದಾಗ ಎಸೆಯಿರಿ.

ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಹಾಕಿದೆ, ಕರಗಲಿಲ್ಲ. ಮಾತ್ರೆಯಲ್ಲಿ ಔಷಧವಲ್ಲದೆ ಅದನ್ನು ಗಟ್ಟಿಯಾಗಿ ಹಿಡಿದಿಡುವ ಬೇರೆ ಪುಡಿಗಳೂ ಇರುತ್ತವೆ. ಅವೇ ಚರಪರ ಅನ್ನುವುದು. ಕರಗಿದ ಸಿ ಜೀವಸತ್ವವೂ ಗಾಳಿ, ಬೆಳಕಿಗೆ ಬೇಗ ಹಳದಿ, ಕಂದು ಬಣ್ಣಕ್ಕೆ ತಿರುಗಿ ನಿಷ್ಪ್ರಯೋಜಕವಾಗುತ್ತದೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಅದರ ಬದಲಿಗೆ ಲಿಂಬೆ ಹಿಂಡುವುದಂತೂ ಬೇಡವೇ ಬೇಡ. ಲಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೆಂದಂತೆ ಬೊಕ್ಕೆ ಎದ್ದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುವುದುಂಟು. ಬಿಳಿಯಾಗಲು ಹೋಗಿ ಕಪ್ಪಾಗುವುದೆಂದರೆ ಇದೇ.

ಇನ್ನು ಕಟ್ಟಕಡೆಯದು, ಎಲ್ಲರೂ ಮೊದಲು ಕೇಳುವುದು: ದಪ್ಪಗಿದ್ದ ಲೋಳೆ ನೀರಾಯಿತು, ಎಂತ ಮಾಡುವುದು?

ಇಲ್ಲಿ ನನ್ನ ಕಥೆ ಹೇಳಬೇಕು.

ನನ್ನ ತಂಗಿಯ ಮಗಳಿಗೆ ನಿಶ್ಚಿತಾರ್ಥ ಗೊತ್ತಾಗಿತ್ತು. ಇನ್ನು ಹತ್ತೇ ದಿನ. ಹುಡುಗಿ ಸಣ್ಣಂದಿನಿಂದ ನನ್ನ ಸೆರಗು ಹಿಡಿದು ಬೆಳೆದವಳು. "ದೊಡ್ಡಮ್ಮ, ಮುಖಕ್ಕೆ ಏನಾದರೂ ಮಾಡಿಕೊಡಿ. ಪೇಟೆಯದ್ದು ಬೇಡ, ನಿಮ್ಮ ಕೈಯದ್ದೇ ಆಗಬೇಕು" ಎಂದಳು. ನನಗೆ ಉಬ್ಬಿಹೋಯಿತು. ಎರಡು ದೊಡ್ಡ ಎಲೆ ಕೊಯ್ದು ಇಡೀ ಒಂದು ಕುಪ್ಪಿ ಮಾಡಿದೆ. ಗುಲಾಬಿ ಜಲವನ್ನೂ ಹಾಕಿದೆ. ಜುಲೈ ತಿಂಗಳು, ಹೊರಗೆ ಹೊಯ್ಯುವ ಮಳೆ. ಎರಡು ರಾತ್ರಿ ಕರೆಂಟೂ ಇರಲಿಲ್ಲ.

ಐದನೇ ದಿನ ಅವಳಿಗೆ ಕಳುಹಿಸಲೆಂದು ತೆಗೆದು ನೋಡಿದರೆ ಲೋಳೆ ನೀರು ನೀರು. ಮೂಗಿಗೆ ಏನೋ ಒಂದು ಸಣ್ಣ ಹುಳಿ ಬಡಿಯಿತು. ಗುಲಾಬಿ ಪರಿಮಳದ ಮರೆಯಲ್ಲಿ ಬಡಿದು ಹೋಯಿತು. "ದಪ್ಪ ಕಡಿಮೆಯಾಯಿತು ಅಷ್ಟೆ" ಎಂದು ಮನಸ್ಸಿಗೆ ನಾನೇ ಹೇಳಿಕೊಂಡೆ. ಇನ್ನೊಂದು ಚಿಟಿಕೆ ಗಮ್ ಗ್ಲಿಸರಿನ್ನಿನಲ್ಲಿ ಕಲಸಿ ಸೇರಿಸಿದೆ. ಆಹಾ, ಎಷ್ಟು ಚಂದ ಬಂತು ಗೊತ್ತುಂಟಾ! ಅಂಗಡಿಯದ್ದಕ್ಕಿಂತ ಚಂದ. ಕೊಟ್ಟು ಕಳುಹಿಸಿದೆ.

ಮೂರನೇ ದಿನ ಬೆಳಿಗ್ಗೆ ತಂಗಿಯ ಫೋನು. "ಅಕ್ಕಾ, ಇವಳ ಕೆನ್ನೆ ನೋಡಬೇಕು ನೀನು." ಹೋಗಿ ನೋಡಿದರೆ ಎರಡೂ ಕೆನ್ನೆ, ಗಲ್ಲದ ತನಕ ಕೆಂಪು ಗುಳ್ಳೆ, ಕೆಲವು ಕೀವು ಕಟ್ಟಿದವು. ಹುಡುಗಿ ಕನ್ನಡಿಗೆ ಟವಲು ಮುಚ್ಚಿ ಕೂತಿದ್ದಾಳೆ. ನನ್ನನ್ನು ನೋಡಿ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಚರ್ಮದ ವೈದ್ಯರು ಕುಪ್ಪಿ ತರಲು ಹೇಳಿದ್ದರು. ಬೆಳಕಿಗೆ ಹಿಡಿದು ನೋಡಿ, ಮೂಸಿ, "ಇದು ಯಾವಾಗ ಮಾಡಿದ್ದು?" ಎಂದು ಕೇಳಿದರು. ಹೇಳಿದೆ. "ನಡುವೆ ನೀರಾಗಿತ್ತೇ?" ಎಂದರು. ನನ್ನ ಬಾಯಿ ಒಣಗಿತು. ಹಾಳಾದ ಲೋಳೆಯಲ್ಲಿ ಸೂಕ್ಷ್ಮಾಣುಗಳು ಬೆಳೆದಿರುತ್ತವೆ, ಅಂಥದ್ದನ್ನು ಉಜ್ಜಿದರೆ ಹೀಗಾಗಬಹುದು, ಇನ್ನು ಏನನ್ನೂ ಹಚ್ಚಬೇಡಿ ಎಂದು ಮದ್ದು ಬರೆದುಕೊಟ್ಟರು. ನಿಶ್ಚಿತಾರ್ಥ ಆ ದಿನವೇ ಆಯಿತು. ಹುಡುಗಿ ಫೋಟೋದಲ್ಲೆಲ್ಲ ಮುಖ ಒಂದು ಬದಿಗೆ ತಿರುಗಿಸಿ ಕೂತಿದ್ದಾಳೆ. ಗುಳ್ಳೆ ಮೂರು ವಾರದಲ್ಲಿ ಮಾಗಿತು, ಮದುವೆಯ ಹೊತ್ತಿಗೆ ಕಲೆಯೂ ಹೋಯಿತು. ಆ ಫೋಟೋ ಮಾತ್ರ ತಂಗಿಯ ಮನೆಯ ಗೋಡೆಯಲ್ಲಿ ಉಂಟು. ಹೋದಾಗಲೆಲ್ಲ ನಾನು ಅದರ ಎದುರು ಕೂರುವುದಿಲ್ಲ.

ಆಗ ಕಲಿತದ್ದು ಇದು, ಸೋದರಿಯರೇ. ಲೋಳೆ ನೀರಾಗುವುದಕ್ಕೆ ಎರಡು ಕಾರಣ. ಮಾಡಿದ ದಿನವೇ ಅಥವಾ ಮರುದಿನ ತೆಳುವಾದರೆ, ಮಿಕ್ಸಿಯಲ್ಲಿ ಹೆಚ್ಚು ತಿರುಗಿಸಿದ್ದರಿಂದ, ಇಲ್ಲವೇ ಎಲೆಯೊಳಗೇ ಇರುವ ಕಿಣ್ವಗಳು ಲೋಳೆಯನ್ನು ಕತ್ತರಿಸಿದ್ದರಿಂದ. ಎಲೆ ಕೊಯ್ದ ಗಳಿಗೆಯಿಂದಲೇ ಅವು ಕೆಲಸ ಶುರು ಮಾಡುತ್ತವೆ. ಅದು ಕೆಟ್ಟದ್ದಲ್ಲ. ಚಿಟಿಕೆ ಗಮ್ ಹಾಕಿ ದಪ್ಪ ಮಾಡಿಕೊಳ್ಳಬಹುದು. ಆದರೆ ಮೂರು ನಾಲ್ಕು ದಿನ ದಪ್ಪಗಿದ್ದದ್ದು ಆಮೇಲೆ ನೀರಾದರೆ, ಮೋಡದಂತೆ ಕದಡಿದರೆ, ಹುಳಿ ವಾಸನೆ ಬಂದರೆ, ಗುಳ್ಳೆ ಎದ್ದರೆ, ಅದು ರಿಪೇರಿಯ ವಿಷಯವೇ ಅಲ್ಲ. ಕಣ್ಣಿಗೆ ಎರಡೂ ಒಂದೇ ಥರ. ಆದ್ದರಿಂದ "ಏನಾಯಿತು" ಅನ್ನುವುದಕ್ಕಿಂತ "ಯಾವಾಗ ಆಯಿತು" ಎಂದು ಮೊದಲು ಕೇಳಿಕೊಳ್ಳಿ. ಕುಪ್ಪಿಗೆ ತಾರೀಕು ಬರೆದ ಚೀಟಿ ಅಂಟಿಸುವುದು ಇದಕ್ಕೇ. ನಾನು ಆ ದಿನ ಸರಿಮಾಡಿದ್ದು ಲೋಳೆಯನ್ನಲ್ಲ, ಅದು ಹೇಳುತ್ತಿದ್ದ ಎಚ್ಚರಿಕೆಯ ಬಾಯಿ ಮುಚ್ಚಿಸಿದ್ದು.

ಕೆಲವು ಮಾತು ನೆನಪಿಡಿ:

ನೀರಿನಂಶ ಇರುವ ಯಾವುದನ್ನೂ ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ. ಫ್ರಿಜ್ಜು ಸೂಕ್ಷ್ಮಾಣುಗಳ ಬೆಳವಣಿಗೆ ನಿಧಾನ ಮಾಡುತ್ತದೆ, ಕೊಲ್ಲುವುದಿಲ್ಲ. ರಾತ್ರಿಯಿಡೀ ಕರೆಂಟು ಹೋದರೆ ಲೆಕ್ಕ ಮುಗಿಯಿತು, ಚೆಲ್ಲಿ.

ವಿಟಮಿನ್ ಇ ಮಾತ್ರೆ ಒಡೆದು ಹಾಕಿದರೆ ಕೆಡುವುದಿಲ್ಲ ಎನ್ನುವುದು ತಪ್ಪು. ಅದು ಎಣ್ಣೆ ಕಮಟುವುದನ್ನು ತಡಮಾಡುತ್ತದೆ, ಸೂಕ್ಷ್ಮಾಣುಗಳನ್ನು ತಡೆಯುವುದಿಲ್ಲ. ಲೋಳೆಯನ್ನು ಒಲೆಯಲ್ಲಿ ಕುದಿಸಿ ಇಡುತ್ತೇನೆ ಎಂದರೂ ಆಗದು. ತೆಳುವೂ ಆಗುತ್ತದೆ, ಬೆರಳು ತಾಗಿದ ಕೂಡಲೇ ಪುನಃ ಕೆಡಲು ಶುರುವಾಗುತ್ತದೆ.

ಹೊಸದನ್ನು ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಒಂದೆರಡು ದಿನ ನೋಡಿ. ಮದುವೆ, ನಿಶ್ಚಿತಾರ್ಥ, ಜಾತ್ರೆಯ ಹತ್ತಿರ ಹೊಸ ಪ್ರಯೋಗ ಬೇಡ.

ಇನ್ನೊಂದು. ನಮ್ಮ ಸ್ವಸಹಾಯ ಸಂಘಗಳ ಸೋದರಿಯರು ಇಂಥದ್ದನ್ನು ಕುಪ್ಪಿಗೆ ತುಂಬಿಸಿ ಮಾರಿದರೆ ಹೇಗೆ ಎಂದು ಕೇಳುವುದುಂಟು. ಮಾರಾಟಕ್ಕೆ ಸೌಂದರ್ಯ ಸಾಮಗ್ರಿ ತಯಾರಿಸಲು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಂತೆ ಪರವಾನಗಿ ಬೇಕು. ಉಪ್ಪಿನಕಾಯಿ, ಹಪ್ಪಳ ಮಾರಿದಷ್ಟು ಸುಲಭವೆಂದು ತಿಳಿಯಬೇಡಿ. ಒಬ್ಬಳ ಕೆನ್ನೆ ನೋಡಿಯೇ ನನಗೆ ಸಾಕಾಗಿದೆ.

ಮೊನ್ನೆ ತಂಗಿಯ ಮಗಳು ಬಂದಿದ್ದಳು. ಹಿತ್ತಲಿಗೆ ಹೋಗಿ ತಾನೇ ಒಂದು ಎಲೆ ಕೊಯ್ದು ತಂದಳು. ನನ್ನ ಮುಖ ಸಣ್ಣದಾದದ್ದು ನೋಡಿ, "ದೊಡ್ಡಮ್ಮ, ಹೆದರಬೇಡಿ, ಇವತ್ತಿನದ್ದು ಇವತ್ತಿಗೆ" ಎಂದು ನಕ್ಕಳು. ಬೇಕಾದಷ್ಟು ಹಚ್ಚಿಕೊಂಡು ಉಳಿದದ್ದನ್ನು ತೆಂಗಿನ ಬುಡಕ್ಕೆ ಚೆಲ್ಲಿದಳು. ನಮ್ಮ ಅಮ್ಮಂದಿರಿಗೆ ಗೊತ್ತಿದ್ದದ್ದು ನನಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು ನೋಡಿ.

ನಿಮ್ಮ ಕುಪ್ಪಿಯ ಚೀಟಿಯಲ್ಲಿ ಯಾವ ತಾರೀಕು ಉಂಟು? ಈಗಲೇ ಎದ್ದು ನೋಡಿ ಬನ್ನಿ. ಚೀಟಿಯೇ ಇಲ್ಲವೆಂದಾದರೆ ಏನು ಮಾಡಬೇಕೆಂದು ನಾನು ಹೇಳಬೇಕಾಗಿಲ್ಲವಲ್ಲ?